ನಿಮಗೆ ಹೊಲಿಗೆ ಕಲಿಸಿದವರ ಒಂದು ಕಿವಿಮಾತು ಕಳಿಸಿ

ಎಲ್ಲರಿಗೂ ನಮಸ್ಕಾರ. ಹೊಲಿಗೆ ಎಲ್ಲಿ ಕಲಿತಿರಿ ಅಂತ ಹೊಸ ಸದಸ್ಯರು ಕೇಳುತ್ತಿದ್ದಾರೆ. ನಾನು ಯಾವ ತರಗತಿಗೂ ಹೋದವಳಲ್ಲ. ಅಜ್ಜಿಯ ಮಗ್ಗುಲಲ್ಲಿ ಕೂತು ಕಲಿತೆ.

ಅವರು ಮೊದಲು ಹೇಳಿಕೊಟ್ಟದ್ದು ಗುಂಡಿ ಹಾಕುವುದು. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು, ಅದರ ಮೇಲಿಂದ ದಾರ ಹಾಯಿಸಬೇಕು. ಕೊನೆಗೆ ಕಡ್ಡಿ ಎಳೆದರೆ ದಾರ ಸ್ವಲ್ಪ ಸಡಿಲಾಗುತ್ತದೆ. ಆಗ ಗುಂಡಿಯ ಅಡಿಯಲ್ಲಿ ನಾಲ್ಕೈದು ಸುತ್ತು ಸುತ್ತಿ ಗಂಟು ಹಾಕಿ. ದಪ್ಪ ಬಟ್ಟೆಯಲ್ಲೂ ಗುಂಡಿ ಸಲೀಸಾಗಿ ಕೂರುತ್ತದೆ. ಇವತ್ತಿಗೂ ನಾನು ಹೀಗೇ ಹಾಕುವುದು.

ಮಿಷನ್ ಕಲಿಸಿದವರು ಪಕ್ಕದ ಮನೆಯ ಅಕ್ಕ. ದಾರ ಪೋಣಿಸದೆ, ಗೆರೆ ಎಳೆದ ಕಾಗದದ ಮೇಲೆ ಹೊಲಿಸುತ್ತಿದ್ದರು. ಕೈ ನೇರವಾದ ಮೇಲೆಯೇ ಬಟ್ಟೆ! ತೆಳು ಬಟ್ಟೆಗೆ 11ನೇ ನಂಬರ್ ಸೂಜಿ, ಸಾಮಾನ್ಯ ಹತ್ತಿಗೆ 14, ಜೀನ್ಸ್‌ಗೆ 16 ಅಂತ ಬಾಯಿಪಾಠ ಮಾಡಿಸಿದ್ದರು. ಬಾಬಿನ್ ದಾರ, ಅಂದರೆ ಮಿಷನ್ನಿನ ಅಡಿಯ ಪುಟ್ಟ ಉರುಳೆಯಿಂದ ಬರುವ ದಾರ, ಬಟ್ಟೆಯ ಮೇಲೆ ಕಾಣಿಸಿದರೆ ಮೇಲಿನ ದಾರ ಬಿಗಿಯಾಗಿದೆ ಎಂದರ್ಥ, ಅದರ ಟೆನ್ಷನ್ (ಬಿಗಿತ) ಸ್ವಲ್ಪ ಸಡಿಲಿಸಿ. ಹೊಸಬರು ಇದಕ್ಕೇ ಜಾಸ್ತಿ ಗಾಬರಿಯಾಗುತ್ತಾರೆ, ಅಲ್ವಾ?

ಈ ಭಾನುವಾರ ಎಲ್ಲರೂ ಇಂಥ ಒಂದೊಂದು ಕಿವಿಮಾತು ಕಳಿಸಿ. ಯಾರಿಂದ ಕಲಿತಿರಿ ಅಂತಲೂ ಬರೆಯಿರಿ. ಅಮ್ಮನೋ ಅತ್ತೆಯೋ ಹತ್ತಿರದಲ್ಲಿದ್ದರೆ ಅವರ ಧ್ವನಿಯಲ್ಲೇ ಹೇಳಿಸಿ ಹಾಕಿ. ಹಿರಿಯರ ಮಾತು ಕೇಳುತ್ತಾ ಹೊಲಿಯುವ ಸುಖ ನನಗೆ ಮತ್ತೆ ಬೇಕಾಗಿದೆ. ಫೋಟೋ ಇದ್ದರೆ ಹೊಲಿಗೆಯ ಹಿಂಬದಿಯದ್ದೂ ಇರಲಿ. ಅದನ್ನು ನೋಡಿದರೆ ಕಲಿಯುವವರಿಗೆ ಬೇಗ ಅರ್ಥವಾಗುತ್ತದೆ.