ಸೊಪ್ಪು ಹಳದಿಯಾಗುವ ತನಕ ಬೆಂಕಿಗೆ ಅವಸರ ಬೇಡ

ಚಿರಂಜೀವಿ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಈ ಸಲ ಹೊಗೆಸೊಪ್ಪಿನ ಹೊಣೆ ಪೂರ್ತಿ ನಿನ್ನದೇ ಅಂತ ನಿಮ್ಮಮ್ಮ ಹೇಳಿದಳು. ಬ್ಯಾರನ್, ಅಂದರೆ ಸೊಪ್ಪು ಒಣಗಿಸುವ ಮನೆ, ಬೇಯಿಸುವುದೂ ನೀನೇ ಅಂತೆ. ಕೇಳಿ ಸಂತೋಷವಾಯಿತು, ಜೊತೆಗೆ ಸ್ವಲ್ಪ ಯೋಚನೆಯೂ ಆಯಿತು. ಫೋನಿನಲ್ಲಿ ಹೇಳಿದ್ದು ನಿಲ್ಲುವುದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಓದಿದ ಮೇಲೆ ಬ್ಯಾರನ್ ಬಾಗಿಲ ಹತ್ತಿರ ಎಲ್ಲಾದರೂ ಸಿಕ್ಕಿಸಿಡು.

ಮೊದಲಿಗೆ ಒಂದು ಮಾತು ತಲೆಯಲ್ಲಿ ಕೂರಲಿ. ಕೆಟ್ಟ ಸೊಪ್ಪನ್ನು ಬ್ಯಾರನ್ ಒಳ್ಳೆಯದು ಮಾಡುವುದಿಲ್ಲ. ಹೊಲದಲ್ಲಿ ಒಳ್ಳೆಯದಾಗಿ ಬಂದದ್ದನ್ನು ಕೆಡದ ಹಾಗೆ ಒಣಗಿಸುತ್ತದೆ, ಅಷ್ಟೇ ಅದರ ಕೆಲಸ. ಬೆಂಕಿ ಹಾಕಿದ ಮೊದಲ ಎರಡು ದಿನ ಸೊಪ್ಪು ಹೇಗೆ ಹಳದಿಗೆ ತಿರುಗುತ್ತದೆ ನೋಡು. ನೀನು ಹಾಕಿದ ಗೊಬ್ಬರ, ಕುಡಿ ಮುರಿದ ಹೊತ್ತು, ಎಲೆ ಕಿತ್ತ ದಿನ, ಎಲ್ಲದರ ಲೆಕ್ಕವೂ ಅಲ್ಲೇ ಹೊರಗೆ ಬರುತ್ತದೆ.

ಸಸಿಮಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಚಿಕ್ಕಂದಿನಿಂದ ನೋಡಿದ್ದೀಯ. ಬೀಜ ತೀರಾ ಸಣ್ಣದು, ಒಂದು ಗ್ರಾಮಿನಲ್ಲಿ ಸುಮಾರು 10,000 ಇರುತ್ತವೆ. ಆಳಕ್ಕೆ ಹೋದರೆ ಮೇಲೇಳುವುದಿಲ್ಲ. ನೀರು ನಿಂತರೆ ಬುಡ ಕೊಳೆತು ಸಸಿ ಮಗ್ಗುಲಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡ. ತಂಬಾಕು ಜಗಿಯುವವರು, ಸೇದುವವರು ಸೋಪು ಹಾಕಿ ಕೈ ತೊಳೆಯದೆ ಸಸಿ ಮುಟ್ಟಬಾರದು. ಎಲೆಯ ಮೇಲೆ ತಿಳಿ ಹಸಿರು, ಕಡು ಹಸಿರು ಮಚ್ಚೆ ಬರುವ ಮೊಸಾಯಿಕ್ ರೋಗದ ವೈರಸ್ ಒಣಗಿದ ಸೊಪ್ಪಿನಲ್ಲೂ ವರ್ಷಗಟ್ಟಲೆ ಉಳಿದಿರುತ್ತದೆ, ಕೈಯಿಂದಲೇ ಸಸಿಗೆ ದಾಟುತ್ತದೆ. ವೈರಸ್ ಅನ್ನುವುದೊಂದು ಇದೆ ಅಂತ ವಿಜ್ಞಾನಿಗಳಿಗೆ ಸುಳಿವು ಸಿಕ್ಕಿದ್ದೇ ಈ ರೋಗದಿಂದ, 1892ರಲ್ಲಿ ಇವನೋವ್‌ಸ್ಕಿ, 1898ರಲ್ಲಿ ಬೈಯರಿಂಕ್ ಮಾಡಿದ ಪರೀಕ್ಷೆಗಳಿಂದ. ನಮ್ಮ ಬೆಳೆಯ ಕಾಯಿಲೆಯಿಂದ ಇಷ್ಟು ದೊಡ್ಡ ವಿದ್ಯೆ ಹುಟ್ಟಿತು ಅಂತ ನೆನೆದರೆ ನನಗೆ ಈಗಲೂ ಆಶ್ಚರ್ಯ.

ಗೊಬ್ಬರದಲ್ಲಿ ಕೈ ಬಿಗಿ ಇರಲಿ. ಸಾರಜನಕ ಜಾಸ್ತಿಯಾದ ಗಿಡ ನೋಡೋಕೆ ಬಲು ಚೆಂದ. ಅಗಲವಾದ ಎಲೆ, ಕಡು ಹಸಿರು, ದಾರಿಯಲ್ಲಿ ಹೋಗುವವರೂ ನಿಂತು ನೋಡುತ್ತಾರೆ. ಆದರೆ ಹಣ್ಣಾಗಬೇಕಾದ ಹೊತ್ತಿಗೆ ಅದು ಹಣ್ಣಾಗುವುದಿಲ್ಲ. ಬ್ಯಾರನ್ನಿನಲ್ಲಿ ಎಷ್ಟು ಹೊತ್ತು ಕಾದರೂ ಹಸಿರು ಬಿಡುವುದಿಲ್ಲ. ಕುಡಿ ಮುರಿಯುವ ಹೊತ್ತಿಗೆ ಮಣ್ಣಿನ ಸಾರಜನಕ ಮುಗಿಯುತ್ತಾ ಬಂದಿರಬೇಕು, ಆಗಲೇ ಎಲೆ ತಾನಾಗಿ ಮಾಗುವುದು. ಪೊಟ್ಯಾಷ್ ಹಾಕುವಾಗ ಅಗ್ಗ ಅಂತ ಮ್ಯೂರಿಯೇಟ್ ತರಬೇಡ, ಸಲ್ಫೇಟ್ ಆಫ್ ಪೊಟ್ಯಾಷ್ ಹಾಕು. ಮ್ಯೂರಿಯೇಟಿನಲ್ಲಿ ಕ್ಲೋರೈಡ್ ಇರುತ್ತದೆ. ಅದು ಎಲೆಗೆ ಸೇರಿದರೆ ಒಣಗಿದ ಮೇಲೂ ಸೊಪ್ಪು ತೇವ ಎಳೆಯುತ್ತದೆ, ಸರಿಯಾಗಿ ಉರಿಯುವುದಿಲ್ಲ. ಉಪ್ಪಿನಂಶದ ಬಾವಿ ನೀರಿನಿಂದಲೂ ಇದೇ ತೊಂದರೆ.

ಮೊಗ್ಗು ಕಂಡಾಗ ಕುಡಿ ಮುರಿ, ಹೂ ಅರಳಲಿ ಅಂತ ಕಾಯಬೇಡ. ಹೂವಿಗೆ, ಬೀಜಕ್ಕೆ ಹೋಗಬೇಕಾದ ಸತ್ವ ಎಲೆಗೆ ತಿರುಗುತ್ತದೆ, ಎಲೆ ದಪ್ಪವಾಗುತ್ತದೆ. ನಿಕೋಟಿನ್ ತಯಾರಾಗುವುದು ಬೇರಿನಲ್ಲಿ, ಅಲ್ಲಿಂದ ಎಲೆಗೆ ಏರುತ್ತದೆ. ಕುಡಿ ಮುರಿದ ಮೇಲೆ ಅದೂ ಹೆಚ್ಚುತ್ತದೆ. ಆಮೇಲೆ ಗಿಡ ಸುಮ್ನೆ ಕೂರುವುದಿಲ್ಲ, ಎಲೆಯ ಕಂಕುಳಲ್ಲೆಲ್ಲ ಚಿಗುರು ಒಡೆಯುತ್ತದೆ. ಅದನ್ನು ಕೀಳದೆ ಬಿಟ್ಟರೆ ಕುಡಿ ಮುರಿದೂ ಉಪಯೋಗವಿಲ್ಲ.

ಎಲೆ ಮುರಿಯುವಾಗ ನಿನ್ನ ಕಣ್ಣು ಪಳಗಬೇಕು. ಮಾಗುವುದು ಕೆಳಗಿನಿಂದ ಮೇಲಕ್ಕೆ, ಒಂದು ಸಲಕ್ಕೆ ಗಿಡಕ್ಕೆ ಎರಡೋ ಮೂರೋ ಎಲೆ ಸಾಕು. ಹಸಿರು ತಿಳಿಯಾಗಿ ಹಳದಿ ಛಾಯೆ ಬಂದಿರಬೇಕು, ನಡುನರ ಬೆಳ್ಳಗಾಗಿರಬೇಕು, ತುದಿ ಕೆಳಗೆ ಬಾಗಿರಬೇಕು. ಮಾಗಿದ ಎಲೆಯನ್ನು ಕೆಳಕ್ಕೆ ಒತ್ತಿದರೆ ಬುಡದಲ್ಲಿ ಚಟ್ ಅಂತ ಬಿಡುತ್ತದೆ. ಸಿಪ್ಪೆ ಸಮೇತ ಸುಲಿದು ಬಂದರೆ ಇನ್ನೂ ಕಾಯಿ ಅಂತ ಅರ್ಥ. ಬ್ಯಾರನ್ ಭರ್ತಿಯಾಗಲಿ ಅಂತ ಕಾಯಿ ಸೊಪ್ಪನ್ನೂ ಸೇರಿಸಿದೆಯೋ, ಒಂದೇ ಬೆಂಕಿಯಲ್ಲಿ ಎರಡು ಬಗೆಯ ಸೊಪ್ಪು ಬೇಯಿಸಬೇಕಾಗುತ್ತದೆ. ಆ ಕೆಲಸ ಯಾರಿಂದಲೂ ಆಗುವುದಿಲ್ಲ.

ಈಗ ಹೇಳುವುದನ್ನು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಇಬ್ಬನಿ ಆರುವ ಮೊದಲು, ಮಳೆ ನಿಂತ ಕೂಡಲೇ ಯಾರನ್ನೂ ಹೊಲಕ್ಕೆ ಇಳಿಸಬೇಡ. ಒದ್ದೆ ಎಲೆಯಿಂದ ನಿಕೋಟಿನ್ ನೀರಿಗಿಳಿದು ಚರ್ಮದ ಮೂಲಕ ಮೈಗೆ ಸೇರುತ್ತದೆ. ಕೆಲವೇ ಗಂಟೆಗಳಲ್ಲಿ ತಲೆನೋವು, ತಲೆಸುತ್ತು, ವಾಂತಿ ಶುರು. ಬಿಸಿಲಿಗೆ ಹೀಗಾಯಿತು ಅಂತ ಜನ ನೀರು ಕುಡಿದು ಮತ್ತೆ ಸಾಲಿಗಿಳಿಯುತ್ತಾರೆ, ಆಗ ಜಾಸ್ತಿಯಾಗುತ್ತದೆ. ತುಂಬು ತೋಳಿನ ಅಂಗಿ, ಕೈಗವಸು ಕೊಡು. ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡು ತರುವ ಅಭ್ಯಾಸ ಬಿಡಿಸು. ಬಟ್ಟೆ ಒದ್ದೆಯಾದರೆ ಆಗಲೇ ಬದಲಿಸಿ ಸೋಪಿನಲ್ಲಿ ಮೈ ತೊಳೆಯಬೇಕು. ಬಸುರಿಯರನ್ನು, ಮಕ್ಕಳನ್ನು ಈ ಕೆಲಸದ ಹತ್ತಿರಕ್ಕೂ ಸೇರಿಸಬೇಡ. ಬ್ಯಾರನ್ನಿನಲ್ಲಿ ತೂಗುಹಾಕಲು ಎಲೆಯನ್ನು ಕಡ್ಡಿಗೆ ಕಟ್ಟುವುದು ಹಗುರ ಕೆಲಸ ಅಂತ ಮಕ್ಕಳನ್ನು ಕೂರಿಸುತ್ತಾರೆ. ಅವರ ಬೆರಳಿಗೆ ಅಂಟುವುದೂ ಅದೇ ವಿಷ, ಅಲ್ವಾ? ಅವರದು ಪುಟ್ಟ ಮೈ.

ಇನ್ನು ಬ್ಯಾರನ್. ಕಡ್ಡಿಗಳನ್ನು ಒತ್ತೊತ್ತಾಗಿ ತುರುಕಬೇಡ, ಗಾಳಿ ಮೇಲಕ್ಕೆ ಹೋಗಬೇಕು. ಸೊಪ್ಪಿನ ಎತ್ತರಕ್ಕೇ ಎರಡು ಥರ್ಮಾಮೀಟರ್ ತೂಗುಹಾಕು. ಒಂದರ ಬುಡಕ್ಕೆ ಬಟ್ಟೆ ಸುತ್ತಿ ಸದಾ ಒದ್ದೆಯಾಗಿಡು. ಒಳಗಿನ ತೇವ ಗೊತ್ತಾಗುವುದು ಅದರಿಂದಲೇ. ಬಟ್ಟೆ ಒಣಗಿತ್ತೆಂದರೆ ಅದು ಹೇಳುವುದೆಲ್ಲ ಸುಳ್ಳು.

ಮೊದಲು 32ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗೇ ಇರಲಿ, ಗಾಳಿ ಕಿಂಡಿಗಳು ಮುಚ್ಚಿರಲಿ. ಕಿತ್ತ ಎಲೆ ಆಗಲೇ ಸತ್ತಿರುವುದಿಲ್ಲ ಮಗಾ. ಈ ಬೆಚ್ಚನೆಯ ತೇವದಲ್ಲಿ ಅದು ಇನ್ನೂ ಬದುಕಿದ್ದು, ತನ್ನೊಳಗಿನ ಹಸಿರನ್ನು ಕಳೆದುಕೊಳ್ಳುತ್ತದೆ, ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತದೆ. ಈ ಕೆಲಸ ಮುಗಿಯುವ ಮೊದಲೇ ಶಾಖ ಏರಿಸಿದರೆ ಎಲೆ ಹಸಿರಾಗಿಯೇ ಸಾಯುತ್ತದೆ. ಆಮೇಲೆ ಏನು ಮಾಡಿದರೂ ಆ ಹಸಿರು ಹೋಗುವುದಿಲ್ಲ. ಸೌದೆ ಉಳಿಯುತ್ತದೆ, ಒಂದು ದಿನ ಉಳಿಯುತ್ತದೆ ಅಂತ ಅವಸರ ಮಾಡುವವರು ಕಳೆದುಕೊಳ್ಳುವುದು ಇಲ್ಲೇ. ಗಡಿಯಾರ ನೋಡಬೇಡ, ಸೊಪ್ಪು ನೋಡು. ಎಲೆ ಹಳದಿಯಾಗಿ, ನರದ ಅಕ್ಕಪಕ್ಕ ಮಾತ್ರ ಕೊಂಚ ಹಸಿರು ಉಳಿದಾಗ ಕಿಂಡಿ ತೆರೆಯಲು ಶುರು ಮಾಡು.

ಅಲ್ಲಿಂದ ಮುಂದೆ ತಡ ಮಾಡುವ ಹಾಗೂ ಇಲ್ಲ. ಹಳದಿಯಾದ ಎಲೆ ತೇವದಲ್ಲೇ ಇದ್ದರೆ ಕಂದಾಗುತ್ತದೆ. ಒದ್ದೆ ಇರುವಾಗಲೇ ಶಾಖ ಒಮ್ಮೆಲೇ ಏರಿದರೆ ಬೆಂದು ಕಪ್ಪಾಗುತ್ತದೆ. ಗಂಟೆಗೆ ಒಂದು ಡಿಗ್ರಿಯಂತೆ ನಿಧಾನಕ್ಕೆ 55ರ ಹತ್ತಿರಕ್ಕೆ ತಾ, ತೇವ ಮೇಲಿನ ಕಿಂಡಿಯಿಂದ ಹೊರಗೆ ಹೋಗುತ್ತಿರಲಿ. ಈ ತಿಳಿ ಹಳದಿ ಸೊಪ್ಪಿಗೆ ಒಂದು ಕಥೆ ಹೇಳುತ್ತಾರೆ. 1839ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸ್ಟೀಫನ್ ಅನ್ನುವ ಗುಲಾಮ ಯುವಕ ಬ್ಯಾರನ್ ಕಾಯುತ್ತಿದ್ದನಂತೆ. ನಿದ್ದೆ ಹತ್ತಿ ಬೆಂಕಿ ಆರುತ್ತಾ ಬಂದಿತ್ತು. ಎಚ್ಚರವಾದವನೇ ಇದ್ದಿಲು ತಂದು ಸುರಿದ, ಸೊಪ್ಪು ಅದುವರೆಗೆ ಯಾರೂ ಕಾಣದಂಥ ಹಳದಿಯಾಯಿತು. ಆ ಸೊಪ್ಪಿನಿಂದ ಎಷ್ಟೋ ಜನ ಶ್ರೀಮಂತರಾದರು. ಅದನ್ನು ಕಂಡುಹಿಡಿದವನು ಮಾತ್ರ ಮತ್ತೊಬ್ಬರ ಆಸ್ತಿಯಾಗಿದ್ದ. ಇದು ನಿನಗೆ ಗೊತ್ತಿರಬೇಕು ಅಂತ ಬರೆದೆ.

ಕೊನೆಯದು ನಡುನರ ಒಣಗಿಸುವುದು, 70 ಡಿಗ್ರಿಯವರೆಗೆ. ಅದಕ್ಕಿಂತ ಮೇಲೆ ಹೋದರೆ ಸೊಪ್ಪು ಕೆಂಪಗೆ ಸೀಯುತ್ತದೆ. ಈ ಹೊತ್ತಿನಲ್ಲಿ ಬೆಂಕಿ ಇಳಿಯಬಾರದು. ಇಳಿದರೆ ನರದ ನೀರು ಒಣಗಿದ ಎಲೆಗೆ ಮರಳಿ, ನರದುದ್ದಕ್ಕೂ ಕಂದು ಗೆರೆ ಬೀಳುತ್ತದೆ. ರಾತ್ರಿ ಒಬ್ಬನೇ ಕಾಯಬೇಡ, ಸರದಿ ಮಾಡಿಕೊಳ್ಳಿ. ಮೇಲಿನಿಂದ ಒಂದು ಒಣ ಎಲೆ, ಒಲೆಯ ಶಾಖ ಹಾಯುವ ಕಾದ ಕೊಳವೆಯ ಮೇಲೆ ಬಿದ್ದರೂ ಇಡೀ ಬ್ಯಾರನ್ ಸುಟ್ಟುಹೋಗಬಹುದು. ಅದಕ್ಕೆ ಕೊಳವೆಯ ಮೇಲೆ ತಂತಿ ಬಲೆ ಹಾಸು. ಕೊಳವೆ ಬಿರುಕು ಬಿಟ್ಟಿದ್ದರೆ ಬೆಂಕಿ ಹಾಕುವ ಮೊದಲೇ ಮುಚ್ಚು. ಒಳಗೆ ಶಾಖ ಬರಬೇಕು, ಹೊಗೆ ಬರಬಾರದು. ಬಾಗಿಲ ಸಂದು, ಗೋಡೆಯ ಬಿರುಕು ಮುಚ್ಚಿ, ಒಣ ಸೌದೆಯನ್ನೇ ಹಾಕಿದರೆ ಸೌದೆ ಬಹಳ ಉಳಿಯುತ್ತದೆ. ಹಸಿ ಮರ ಮಾತ್ರ ಕಡಿಸಬೇಡ, ನನ್ನಾಣೆ.

ಹೊಲ ಪೂರ್ತಿ ಇದನ್ನೇ ಹಾಕಬೇಡ. ಒಂದೇ ಜಾಗದಲ್ಲಿ ವರ್ಷ ವರ್ಷವೂ ಬೆಳೆದರೆ ಬೇರು ಗಂಟು ಹುಳು ಹೆಚ್ಚುತ್ತದೆ. ಬೇರಿನಿಂದ ಹೀರಿ ಬದುಕುವ ಪರಾವಲಂಬಿ ಕಳೆಯೂ ಬರುತ್ತದೆ, ಅದರ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮತ್ತೂ ಒಂದು ಮಾತು. ತಂಬಾಕು ಬಿಡದೆ ಬಳಸುವವರಲ್ಲಿ ಅರ್ಧದಷ್ಟು ಜನರವರೆಗೂ ಅದರಿಂದಲೇ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವವರು ಅದನ್ನು ಕೇಳಿಸಿಕೊಳ್ಳದ ಹಾಗೆ ಇರಬಾರದು. ಬೇರೆ ಬೆಳೆ ಕೈ ಹಿಡಿಯುವ ಹಾಗೆ ಕಂಡರೆ ಅದಕ್ಕೆ ಜಾಸ್ತಿ ಜಾಗ ಕೊಡುತ್ತಾ ಹೋಗು, ಹಿರಿಯರ ಬೆಳೆ ಅಂತ ಹಿಡಿದುಕೊಂಡು ಕೂರಬೇಡ.

ಬೆಂದ ಸೊಪ್ಪನ್ನು ಆಗಲೇ ಮುಟ್ಟಬೇಡ, ಪುಡಿಯಾಗುತ್ತದೆ. ಬೆಂಕಿ ಆರಿಸಿ, ಬಾಗಿಲು ಕಿಂಡಿ ತೆರೆದು ರಾತ್ರಿಯ ತೇವ ಒಳಗೆ ಬರಲಿ. ಬೆಳಗ್ಗೆ ಒಂದು ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಡು. ಎಲೆ ಒಡೆಯದೆ ಬಿಚ್ಚಿಕೊಳ್ಳಬೇಕು, ನರ ಮಾತ್ರ ಬಾಗಿಸಿದರೆ ಮುರಿಯಬೇಕು. ಆ ಹದಕ್ಕೆ ಇಳಿಸಿ ಜೋಡಿಸು. ನರವೂ ಮೆತ್ತಗಿದ್ದರೆ ಜೋಡಿಸಬೇಡ, ಬೂಸ್ಟು ಹಿಡಿಯುತ್ತದೆ. ಮೊದಲ ಬ್ಯಾರನ್ನಿನಲ್ಲಿ ಯಾವಾಗ ಕಿಂಡಿ ತೆರೆಯಬೇಕೋ ಅನುಮಾನ ಬಂದರೆ ಒಂದು ಎಲೆಯ ಫೋಟೋ ತೆಗೆದು ಕಳಿಸು, ನೋಡಿ ಹೇಳುತ್ತೇನೆ. ರಾತ್ರಿ ಎಷ್ಟು ಹೊತ್ತಾದರೂ ಸರಿ.

ಇತಿ,
ನಿನ್ನ ದೊಡ್ಡಮ್ಮ