ತೋಳದ ಕಥೆಯ ಉಳಿದ ಭಾಗ

ಪ್ರೀತಿಯ ಮಗಳಿಗೆ,

ಭಾನುವಾರದ ಮಾತುಗಳನ್ನು ಮತ್ತೆ ಕೆದಕುವುದಿಲ್ಲ. ಮೊಮ್ಮಗಳ ಎದುರಿಗೆ ನಾನು ದನಿ ಏರಿಸಬಾರದಿತ್ತು, ಕ್ಷಮಿಸು. ಆದರೆ ಅವಳ ಕೈಯಿಂದ ಅಮ್ಮನ ಮಾತು ಮರೆತು, ತೋಳದ ಮಾತಿಗೆ ಮರುಳಾಗಿ ಹೂವು ಕೀಳಲು ದಾರಿ ಬಿಟ್ಟ ಕೆಂಪು ಟೊಪ್ಪಿಗೆಯ ಹುಡುಗಿಯ ಪುಸ್ತಕವನ್ನು ತೆಗೆದಿಡುತ್ತಾ "ದಾರಿ ಬಿಟ್ಟವಳು ನಾನೇ ಅಲ್ಲವಾ ಅಪ್ಪ, ಅದಕ್ಕೇ ಹೇಳಲಿಲ್ಲ" ಎಂದೆಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ.

ಎಂಟು ವರ್ಷದವಳಿದ್ದಾಗ ಯಾರೋ ಒಬ್ಬ ಶಾಲೆಯಿಂದ ಮನೆಯ ತಿರುವಿನವರೆಗೂ ನಿನ್ನ ಹಿಂದೆ ಬಂದಿದ್ದನೆಂಬುದು ನನಗೆ ತಿಳಿದದ್ದು ಈಗ. ಆ ರಾತ್ರಿಯೂ ನಾನು ನಿನ್ನ ಪಕ್ಕದಲ್ಲಿ ಕುಳಿತು ಕಥೆ ಓದಿರಬೇಕು. ಅದೇ ಕಥೆಯೋ ಏನೋ. ಪ್ರತಿ ಸಲವೂ ಕೊನೆಗೆ "ಅಮ್ಮನ ಮಾತು ಕೇಳಿದ್ದರೆ ಹೀಗಾಗುತ್ತಿತ್ತೇ?" ಎಂದು ಕೇಳುತ್ತಿದ್ದೆ, ನೀನು ತಲೆ ಅಲ್ಲಾಡಿಸುತ್ತಿದ್ದೆ. ಆ ರಾತ್ರಿಯೂ ಅಲ್ಲಾಡಿಸಿದೆಯಾ? ಹೊದಿಕೆಯೊಳಗೆ ಅದನ್ನೆಲ್ಲ ನುಂಗಿಕೊಂಡು ಮಲಗಿದ್ದ ನಿನ್ನ ಮುಖವನ್ನು ನೆನಪಿಸಿಕೊಳ್ಳಲು ನಾಲ್ಕು ದಿನಗಳಿಂದ ಪ್ರಯತ್ನಿಸುತ್ತಿದ್ದೇನೆ, ಆಗುತ್ತಿಲ್ಲ.

ಈ ವಾರ ಆ ಕಥೆಯ ಹಳೆಯ ರೂಪಗಳನ್ನು ಹುಡುಕಿ ಓದಿದೆ. 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಬರೆದದ್ದರಲ್ಲಿ ತೋಳ ಹುಡುಗಿಯನ್ನು ತಿನ್ನುವುದರೊಂದಿಗೆ ಕಥೆ ಮುಗಿಯುತ್ತದೆ. ಕೊನೆಯ ನೀತಿಪದ್ಯ ಬುದ್ಧಿ ಹೇಳುವುದು ಹುಡುಗಿಯರಿಗೆ. 1812ರಲ್ಲಿ ಜರ್ಮನಿಯ ಗ್ರಿಮ್ ಸಹೋದರರು ಬೇಟೆಗಾರನನ್ನು ಕರೆತಂದು ಅವಳನ್ನು ಉಳಿಸಿದರು, ಆದರೂ ಇನ್ನೆಂದೂ ದಾರಿ ಬಿಡುವುದಿಲ್ಲವೆಂದು ನಿಶ್ಚಯಿಸಿಕೊಳ್ಳುವವಳು ಅವಳೇ. ಎಳೆಯ ವಯಸ್ಸಿನಲ್ಲೇ "ಹೂವು ಕಿತ್ತದ್ದು ತಪ್ಪೇ ಅಪ್ಪ?" ಎಂದು ನೀನು ಕೇಳಿದ್ದೆ. ನನಗೆ ಹೊಳೆಯದಿದ್ದದ್ದು ನಿನಗೆ ಅಂದೇ ಹೊಳೆದಿತ್ತೆಂದು ಹೆಮ್ಮೆಯಾಗುತ್ತದೆ. ನಾನು ಉತ್ತರ ಕೊಡದೆ ದೀಪ ಆರಿಸಿದ್ದೆ.

ಹಾಗೆಂದು ಹಳೆಯ ಕಥೆಗಳನ್ನೆಲ್ಲ ಮನೆಯಿಂದ ಹೊರಗಿಡಬೇಡ. ತೋಳಗಳಿವೆಯೆಂಬುದನ್ನು ಮಗು ನಮ್ಮ ಮಡಿಲಲ್ಲಿ ಕುಳಿತೇ ತಿಳಿಯಬೇಕು, ಓದಿದ ಮೇಲೆ ಅದಕ್ಕೆ ಏನನ್ನಿಸಿತೆಂದು ನಾವು ಕೇಳಬೇಕು, ಕೇಳಿದ ಮೇಲೆ ಸುಮ್ಮನಿರುವುದನ್ನೂ ಕಲಿಯಬೇಕು. ಇದನ್ನು ನಿನಗೆ ಹೇಳುವ ಯೋಗ್ಯತೆ ನನಗೆಷ್ಟಿದೆಯೋ ತಿಳಿಯದು, ಆದರೂ ಹೇಳದೆ ಇರಲಾರೆ.

ಗ್ರಿಮ್ ಸಹೋದರರ ಕಥೆಗೆ ಇನ್ನೊಂದು ತುಣುಕಿದೆ, ನಾನು ನಿನಗೆ ಓದಿಯೇ ಇರಲಿಲ್ಲ. ಮತ್ತೊಮ್ಮೆ ಕಾಡಿನಲ್ಲಿ ಬೇರೊಂದು ತೋಳ ಎದುರಾದಾಗ ಹುಡುಗಿ ನೇರವಾಗಿ ಅಜ್ಜಿಯ ಮನೆಗೆ ಹೋಗಿ ನಡೆದದ್ದನ್ನು ಹೇಳುತ್ತಾಳೆ. ಅಜ್ಜಿ ಅವಳನ್ನು ಗದರುವುದಿಲ್ಲ, ಎದ್ದು ಬಾಗಿಲು ಹಾಕುತ್ತಾಳೆ. ಆಮೇಲೆ ಇಬ್ಬರೂ ಸೇರಿ ಆ ತೋಳವನ್ನು ಮುಗಿಸುತ್ತಾರೆ.

ನೀನು ಒಪ್ಪಿದರೆ, ಮುಂದಿನ ಸಲ ಬಂದಾಗ ಮೊಮ್ಮಗಳಿಗೆ ಆ ತುಣುಕನ್ನು ಓದುತ್ತೇನೆ. ನೀನೂ ಪಕ್ಕದಲ್ಲಿ ಕುಳಿತಿರು.

ನಿನ್ನ ಅಪ್ಪ