‘ಸಿಬ್ಬಂದಿ’ ಅಂದರೆ ಯಾರು? ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಕಾಯಂ ಕೆಲಸವಲ್ಲ, ಪ್ರತಿ ವರ್ಷ ಹೊಸದಾಗಿ ತೆಗೆದುಕೊಳ್ಳುತ್ತಾರೆ. ಅತಿಥಿ ಅಂತ ಹೆಸರು, ಬಂದು ಹನ್ನೊಂದು ವರ್ಷವಾಯಿತು. ಇಷ್ಟು ವರ್ಷ ಉಳಿದ ನೆಂಟರನ್ನು ಯಾರ ಮನೆಯಲ್ಲಾದರೂ ಇಷ್ಟೊತ್ತಿಗೆ ರೇಷನ್ ಕಾರ್ಡಿಗೆ ಸೇರಿಸಿರುತ್ತಿದ್ದರು.

2025ರ ಮೇ ಕೊನೆಯಲ್ಲಿ ಕೊರೊನಾ ಕೇಸು ಮತ್ತೆ ಸ್ವಲ್ಪ ಏರಿದಾಗ ಶಾಲೆಗಳಿಗೆ ಸರ್ಕಾರದ ಸುತ್ತೋಲೆ ಬಂತು. ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಅಂತ. ಅದನ್ನು ಓದಿದ ಮೇಲೆ ಅಟ್ಟದ ಮೇಲಿದ್ದ ಒಂದು ಹಳೇ ಫೈಲು ಇಳಿಸಿದೆ. 2020, 2021ರಲ್ಲಿ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಬಂದ ಸುತ್ತೋಲೆಗಳನ್ನೆಲ್ಲ ಆಗ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೆ. ಯುಜಿಸಿಯದು (ವಿಶ್ವವಿದ್ಯಾಲಯಗಳ ಅನುದಾನ ಆಯೋಗ), ಇಲಾಖೆಯದು, ವಿಶ್ವವಿದ್ಯಾಲಯದ್ದು, ಪ್ರಿನ್ಸಿಪಾಲರದು. ಎಲ್ಲದರಲ್ಲೂ ಒಂದು ಜೋಡಿ ಮಾತು ಮತ್ತೆ ಮತ್ತೆ ಬರುತ್ತದೆ: ‘ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ’. ಮಾಸ್ಕ್ ಹಾಕಬೇಕಾದವರು ಅವರು, ಟೆಸ್ಟ್ ಮಾಡಿಸಬೇಕಾದವರು ಅವರು, ಲಸಿಕೆ ಪಡೆಯಬೇಕಾದವರು ಅವರು. ಈ ಜೋಡಿಯಲ್ಲಿ ಎರಡನೇ ಪದ ಇದೆಯಲ್ಲ, ಅದರ ಬಗ್ಗೆಯೇ ಈ ಪತ್ರ.

2020ರ ಮಾರ್ಚ್ 13, ಶುಕ್ರವಾರ. ಕಲಬುರಗಿಯ ಸಾವು ದೇಶದ ಮೊದಲ ಕೊರೊನಾ ಸಾವು ಅಂತ ಹಿಂದಿನ ದಿನವಷ್ಟೇ ಖಚಿತವಾಗಿತ್ತು. ಮಾರನೇ ದಿನದಿಂದ ಮಾಲ್, ಥಿಯೇಟರ್, ವಿಶ್ವವಿದ್ಯಾಲಯ ಎಲ್ಲ ಒಂದು ವಾರ ಬಂದ್ ಅಂದರು. ಒಂದು ವಾರ ತಾನೇ ಅಂದುಕೊಂಡು ಮೌಲ್ಯಮಾಪನದ ಅಸೈನ್‌ಮೆಂಟ್ ಕಟ್ಟನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು ಬಂದೆ. ಮಾರ್ಚ್ 25ಕ್ಕೆ ದೇಶವೇ ಬಂದ್ ಆಯಿತು.

ಏಪ್ರಿಲ್‌ನಲ್ಲಿ ಆನ್‌ಲೈನ್ ಪಾಠ ಮಾಡಿ ಅಂತ ಮೆಸೇಜು. ಮಾಡಿದೆ. ನಮ್ಮ ಮನೆಯ ಜಗಲಿಯಲ್ಲಿ ಮಾತ್ರ ಎರಡು ಗೆರೆ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ಅಕ್ಕಿ ಡಬ್ಬದ ಮೇಲೆ ಸಾಸಿವೆ ಡಬ್ಬ ಇಟ್ಟು, ಅದಕ್ಕೆ ಫೋನ್ ಒರಗಿಸಿ, ಹಳೇ ಕ್ಯಾಲೆಂಡರಿನ ಹಿಂಬದಿಗೆ ಲೆಡ್ಜರ್ ಗೀಟು ಎಳೆದು ಪಾಲುದಾರಿಕೆ ಲೆಕ್ಕ ಹೇಳಿಕೊಟ್ಟೆ. ಗಾಳಿ ಬಂದರೆ ಡೆಬಿಟ್ಟು ಕ್ರೆಡಿಟ್ಟು ಎರಡೂ ಹಾರಿ ಅಂಗಳಕ್ಕೆ ಬೀಳುತ್ತಿದ್ದವು. ಕ್ಲಾಸಿನಲ್ಲಿ 62 ಮಕ್ಕಳು. ಜಾಸ್ತಿ ಅಂದರೆ 19 ಜನ ಸೇರುತ್ತಿದ್ದರು. ಒಬ್ಬ ಕುರಿ ಹಿಂದೆ ಹೋಗಿರುತ್ತಿದ್ದ, ಗುಡ್ಡ ಹತ್ತಿದಾಗ ಮಾತ್ರ ಅವನ ಹೆಸರು ಸ್ಕ್ರೀನಿನಲ್ಲಿ ಕಾಣುತ್ತಿತ್ತು. ಇನ್ನೊಬ್ಬಳ ಮನೆಯಲ್ಲಿ ಇದ್ದದ್ದು ಅಣ್ಣನ ಫೋನು. ಅವನು ಕೆಲಸ ಮುಗಿಸಿ ಬರುತ್ತಿದ್ದದ್ದು ರಾತ್ರಿ ಎಂಟಕ್ಕೆ. ಅವಳಂಥವರಿಗಾಗಿ ರಾತ್ರಿ ಕೂತು ಅದೇ ಪಾಠವನ್ನು ವಾಯ್ಸ್ ಮೆಸೇಜ್ ಮಾಡಿ ಕಳಿಸುತ್ತಿದ್ದೆ. ಸುಳ್ಯ ಕಡೆ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತು, ಮಗಳು ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಫೋಟೊವನ್ನು 2021ರಲ್ಲಿ ಇಡೀ ದೇಶ ನೋಡಿತು. ನಮ್ಮ ಕಡೆ ಮಳೆ ಇಲ್ಲ, ಹಾಗಾಗಿ ಫೋಟೊವೂ ಇಲ್ಲ. ಸರ್ಕಾರಿ ಕಾಲೇಜಿನ ಮಕ್ಕಳಿಗೆ ಟ್ಯಾಬ್ ಹಂಚಿದ್ದೂ 2021ರ ಜೂನ್‌ನಲ್ಲಿ. ಒಳ್ಳೆ ಕೆಲಸವೇ, ಆದರೆ ಅಷ್ಟೊತ್ತಿಗೆ ನಾನು ಹೇಳುತ್ತಿರುವ ಮಕ್ಕಳ ಆ ವರ್ಷ ಮುಗಿದುಹೋಗಿತ್ತು.

ಇನ್ನು ದುಡ್ಡಿನ ವಿಷಯ. ಆಗ ನಮ್ಮ ಗೌರವಧನ ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 13,000, ಇಲ್ಲದವರಿಗೆ 11,000. ಲಾಕ್‌ಡೌನ್ ಆದ ಮೇಲೆ ಬಹಳ ತಿಂಗಳು ನನ್ನ ಪಾಸ್‌ಬುಕ್ಕಿನಲ್ಲಿ ಆ ಸಾಲೇ ಇಲ್ಲ. ಆಫೀಸಿನಲ್ಲಿ ಕೇಳಿದರೆ, ‘ತರಗತಿ ನಡೆದಿಲ್ಲವಲ್ಲ ಮೇಡಂ’ ಅಂದರು. ಜಗಲಿಯಲ್ಲಿ ನಡೆದದ್ದು ತರಗತಿ ಅಲ್ಲವಂತೆ. ಕಾಯಂ ಉಪನ್ಯಾಸಕರಿಗೆ ಸಂಬಳ ಬರುತ್ತಿತ್ತು. ಅವರ ಮೇಲೆ ನನಗೆ ಹೊಟ್ಟೆಯುರಿ ಇಲ್ಲ. ಅವರೂ ಅದೇ ಫೋನಿನಲ್ಲಿ ಅದೇ ಪಾಠ ಮಾಡಿದರು.

ನನ್ನ ಜೊತೆಯ ಇತಿಹಾಸದ ಅತಿಥಿ ಉಪನ್ಯಾಸಕರೊಬ್ಬರು ಆ ಬೇಸಿಗೆ ನರೇಗಾ ಕೆಲಸಕ್ಕೆ ಹೋದರು. ಬದು ಹಾಕುವ ಕೆಲಸ, ದಿನಕ್ಕೆ 275 ರೂಪಾಯಿ. ಅದೇ ಗುಂಪಿನಲ್ಲಿ ಅವರ ಬಿ.ಎ. ವಿದ್ಯಾರ್ಥಿಯೂ ಇದ್ದ. ಮೊದಲ ದಿನ ಹುಡುಗ ಅವರ ಕೈಯಿಂದ ಪಿಕಾಸಿ ಕಿತ್ತುಕೊಂಡು, ‘ನೀವು ಕೂತ್ಕಳಿ ಸಾರ್, ನಿಮ್ದೂ ನಾನೇ ಅಗೀತೀನಿ’ ಅಂದನಂತೆ. ಇದನ್ನು ಅವರು ನಗುತ್ತಲೇ ಹೇಳಿದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: ‘ಅಲ್ಲಿ ಎನ್‌ಎಂಆರ್‌ನಲ್ಲಿ, ಅಂದ್ರೆ ಕೂಲಿಯವರ ಹಾಜರಿ ಪಟ್ಟೀಲಿ, ನನ್ನ ಹೆಸರು ಇತ್ತು ನೋಡಿ. ದಿನಾ ಕೂಗಿ ಹಾಜರಿ ಹಾಕ್ತಿದ್ರು.’

ಇದರ ಮಧ್ಯೆ ಪರೀಕ್ಷೆಯ ಗೊಂದಲ. ಯುಜಿಸಿ ಜುಲೈ 6ರಂದು ಕೊನೆ ವರ್ಷದವರಿಗೆ ಪರೀಕ್ಷೆ ಕಡ್ಡಾಯ ಅಂದಿತು. ನಾಲ್ಕು ದಿನ ಬಿಟ್ಟು ನಮ್ಮ ಸರ್ಕಾರ ಉಳಿದವರನ್ನು ಪರೀಕ್ಷೆ ಇಲ್ಲದೆ ಪಾಸ್ ಮಾಡುತ್ತೇವೆ ಅಂದಿತು. ಆಗಸ್ಟ್ 28ಕ್ಕೆ ಸುಪ್ರೀಂ ಕೋರ್ಟ್ ಯುಜಿಸಿ ಮಾತನ್ನೇ ಎತ್ತಿಹಿಡಿಯಿತು. ಅಷ್ಟು ದಿನವೂ ಮಕ್ಕಳ ಫೋನ್ ಬರುತ್ತಿದ್ದದ್ದು ನಮಗೆ. ‘ಮೇಡಂ, ಪರೀಕ್ಷೆ ಇದ್ಯಾ ಇಲ್ವಾ?’ ಪಿಡಿಎಫ್ ರಾತ್ರಿ ಹತ್ತಕ್ಕೆ ಬರುತ್ತಿತ್ತು, ಅರ್ಧ ಇಂಗ್ಲಿಷ್, ಯಾರೋ ಸೊಟ್ಟಗೆ ಹಿಡಿದು ತೆಗೆದ ಫೋಟೊ. ಹಿಂದಿನ ಆದೇಶ ರದ್ದಾಯಿತೋ ಇಲ್ಲವೋ ಅನ್ನುವುದನ್ನು ಮಾತ್ರ ಎಲ್ಲೂ ಬರೆದಿರುತ್ತಿರಲಿಲ್ಲ. ಕೊನೆಗೆ ಪರೀಕ್ಷೆ ನಡೆಯಿತು. ಕೊಠಡಿ ಮೇಲ್ವಿಚಾರಕರ ಪಟ್ಟಿ ನೋಡಿದರೆ ನನ್ನ ಹೆಸರು ಇದೆ! ಇನಿಷಿಯಲ್ ಸಮೇತ, ಒಂದಕ್ಷರ ತಪ್ಪಿಲ್ಲದೆ. ಅವತ್ತು ಮಾತ್ರ ನಾನು ಸಿಬ್ಬಂದಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಸುಮ್ನೆ ಗೌರವಧನದ ಗೋಳು ಅಂತ ಪಕ್ಕಕ್ಕಿಡಬೇಡಿ ಸಾರ್.

2020ರ ನವೆಂಬರ್ 17ಕ್ಕೆ ಕಾಲೇಜು ತೆರೆಯಿತು. ಬಲಿಪಾಡ್ಯಮಿಯ ಮಾರನೇ ದಿನ. ಬರುವ ಮಕ್ಕಳ ಹತ್ತಿರ ಅಪ್ಪ ಅಮ್ಮನ ಒಪ್ಪಿಗೆ ಪತ್ರ ಇರಬೇಕು, 72 ಗಂಟೆಯೊಳಗಿನ ಕೊರೊನಾ ನೆಗೆಟಿವ್ ರಿಪೋರ್ಟ್ ಇರಬೇಕು. ಸಿಬ್ಬಂದಿಗೂ ಟೆಸ್ಟ್ ಕಡ್ಡಾಯ. ನಮ್ಮನ್ನು ಆ ವರ್ಷಕ್ಕೆ ಇನ್ನೂ ಮತ್ತೆ ತೆಗೆದುಕೊಂಡಿರಲಿಲ್ಲ. ಆದರೂ ಪ್ರಿನ್ಸಿಪಾಲರು ಫೋನ್ ಮಾಡಿದರು. ‘ಹೆಂಗಿದ್ರೂ ಆರ್ಡರ್ ಬರುತ್ತಮ್ಮ, ಸ್ವಲ್ಪ ಬಂದು ಗೇಟ್ ಹತ್ರ ನಿಂತ್ಕೊ’ ಅಂದರು. ಒಳ್ಳೆ ಮನುಷ್ಯ, ಅವರಿಗೂ ಕೈಗೆ ಸಿಕ್ಕ ಜನ ಅಷ್ಟೇ. ಹೋದೆ. ಬಂದವರ ಹಣೆಗೆಲ್ಲ ಥರ್ಮಾಮೀಟರ್ ಗನ್ ಹಿಡಿದೆ, ಒಪ್ಪಿಗೆ ಪತ್ರ ಇಸಕೊಂಡೆ, ಕೈಗೆ ಸ್ಯಾನಿಟೈಸರ್ ಹಾಕಿದೆ.

ಕಾಯಂ ಸಿಬ್ಬಂದಿಗೆಲ್ಲ ಟೆಸ್ಟ್ ಆಯಿತು. ನನಗೆ ಆಗಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಯಾಕೆಂದರೆ ನಾನು ಸಿಬ್ಬಂದಿ ಅಲ್ಲ. ಅಂದರೆ ಆ ದಿನ ಕಾಲೇಜಿಗೆ ಬಂದ ಪ್ರತಿಯೊಬ್ಬರ ಹತ್ತಿರ ಹೋದವಳು ಯಾರೋ, ಅವಳೊಬ್ಬಳಿಗೇ ಟೆಸ್ಟ್ ಇಲ್ಲ. ಹಾಸ್ಟೆಲ್ ಅಡುಗೆಯವರದ್ದೂ ಕಸ ಗುಡಿಸುವವರದ್ದೂ ಇದೇ ಕಥೆ, ಅವರು ಏಜೆನ್ಸಿ ಕಡೆಯವರು. ನಿಯಮ ಬರೆದವರಿಗೆ ನಾವು ಲೆಕ್ಕಕ್ಕಿಲ್ಲದಿರಬಹುದು, ವೈರಸ್ಸು ಏನು ನೇಮಕಾತಿ ಆದೇಶ ನೋಡಿಕೊಂಡು ಬರುತ್ತಾ?

ಆ 72 ಗಂಟೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಮೂಗಿಗೆ ಕಡ್ಡಿ ಹಾಕಿ ತೆಗೆದ ಸ್ಯಾಂಪಲ್ಲು ಜಿಲ್ಲಾ ಕೇಂದ್ರಕ್ಕೆ ಹೋಗಿ ರಿಪೋರ್ಟ್ ಬರುವಷ್ಟರಲ್ಲಿ ನಾಲ್ಕನೇ ದಿನ. ರಿಪೋರ್ಟ್ ಕೈಗೆ ಬಂದ ಹೊತ್ತಿಗೆ ಅವಧಿ ಮುಗಿದಿರುತ್ತಿತ್ತು. ಬಸ್ ಚಾರ್ಜ್ ಹಾಕಿಕೊಂಡು ಎರಡೆರಡು ಸಲ ಟೆಸ್ಟ್ ಕೊಟ್ಟು, ಮೂರನೇ ಸಲ ಬೇಡವೇ ಬೇಡ ಅಂತ ಈರುಳ್ಳಿ ಕೀಳಲು ಹೋದ ಹುಡುಗಿಯರನ್ನು ನಾನು ಬಲ್ಲೆ. ಅದರಲ್ಲಿ ಇಬ್ಬರು ಮತ್ತೆ ಕಾಲೇಜಿಗೆ ಬರಲಿಲ್ಲ. ಒಬ್ಬಳ ಮದುವೆ ಕಾರ್ಡು ವಾಟ್ಸಾಪಿನಲ್ಲಿ ಬಂತು.

2021ರ ಜುಲೈ. ಎರಡನೇ ಅಲೆ ಇಳಿದಿತ್ತು. 26ರಿಂದ ಪದವಿ ಕಾಲೇಜು ಶುರು, ಒಂದು ಡೋಸಾದರೂ ಲಸಿಕೆ ಆಗಿರಬೇಕು ಅಂದರು. ನಮ್ಮ ಕಾಲೇಜಿನಲ್ಲೇ ಕ್ಯಾಂಪ್. ಮೇಜಿನ ಹಿಂದೆ ಕೂತವರು ತಲೆ ಎತ್ತದೆ ಕೇಳಿದರು: ‘ಕೆಜಿಐಡಿ ನಂಬರ್ ಹೇಳಿ.’ ಅದು ಸರ್ಕಾರಿ ನೌಕರರ ವಿಮೆ ನಂಬರು, ಇಲ್ಲ ಅಂದೆ. ‘ಎಚ್‌ಆರ್‌ಎಂಎಸ್‌ನಲ್ಲಿ ಹೆಸರಿದ್ಯಾ?’ ಅದು ಸರ್ಕಾರಿ ನೌಕರರ ಸಂಬಳದ ಆನ್‌ಲೈನ್ ಪಟ್ಟಿ, ಅದರಲ್ಲೂ ಇಲ್ಲ. ‘ಮತ್ತೆ ಯಾವ ಕಾಲಂಗೆ ಹಾಕ್ಲಿ ಮೇಡಂ?’ ಹಿಂದಿನಿಂದ ನನ್ನ ಸ್ಟೂಡೆಂಟ್ ಒಬ್ಬಳು ‘ನಮ್ ಕಾಲಂಗೇ ಹಾಕಿ’ ಅಂದಳು. ಹಾಗೆ ಮೂವತ್ತೆಂಟನೇ ವಯಸ್ಸಿನಲ್ಲಿ ವಿದ್ಯಾರ್ಥಿ ಕಾಲಮ್ಮಿನಲ್ಲಿ ಲಸಿಕೆ ಹಾಕಿಸಿಕೊಂಡು ಬಂದೆ. ನೋವು ಆಗಿದ್ದು ತೋಳಿಗೆ ಮಾತ್ರ ಅಂತ ಹೇಳಿದರೆ ಸುಳ್ಳಾಗುತ್ತದೆ.

ಏನೂ ಬದಲಾಗಿಲ್ಲ ಅಂತ ನಾನು ಹೇಳುವುದಿಲ್ಲ. ಬೀದಿಗಿಳಿದು ಹೋರಾಡಿದ ಮೇಲೆ 2022ರ ಜನವರಿಯಲ್ಲಿ ಅರ್ಹತೆ, ಅನುಭವ ಇರುವವರಿಗೆ ಗೌರವಧನ 32,000ದವರೆಗೆ ಏರಿತು. ಅದರಿಂದ ನನ್ನ ಮಗನ ಫೀಸು ಕಟ್ಟಿದ್ದೇನೆ, ಮರೆತಿಲ್ಲ. ಕಾಯಂ ಮಾಡಿ ಅನ್ನುವುದು ಬೇರೆಯೇ ಜಗಳ, ಅದನ್ನು ನಮ್ಮ ಸಂಘದವರು ನಿಮ್ಮ ಜೊತೆ ಆಡುತ್ತಿದ್ದಾರೆ. ಈ ಪತ್ರದಲ್ಲಿ ಅದು ಬೇಡ.

ನಾನು ಕೇಳುತ್ತಿರುವುದು ಎರಡು ಪುಟದ ಒಂದು ಆದೇಶ. ಈಗಲೇ, ಕಾಯಿಲೆ ಇಲ್ಲದ ಹೊತ್ತಿನಲ್ಲಿ, ತಲೆ ತಣ್ಣಗಿರುವಾಗ ಬರೆದಿಡಿ. ಮುಂದೆ ಕೊರೊನಾವೇ ಬರಲಿ, ಇನ್ನೊಂದೇ ಬರಲಿ, ಕಾಲೇಜು ಮುಚ್ಚುವ ದಿನ ಅದು ತಾನಾಗಿಯೇ ಜಾರಿಗೆ ಬರಬೇಕು. ಅದರ ಮೊದಲ ಸಾಲಿನಲ್ಲೇ ಸಿಬ್ಬಂದಿ ಅಂದರೆ ಯಾರು ಅಂತ ಇರಲಿ: ಕೆಲಸಕ್ಕಾಗಿ ಕಾಲೇಜು ಅಥವಾ ಹಾಸ್ಟೆಲಿನ ಗೇಟು ದಾಟುವ ಎಲ್ಲರೂ, ಸಂಬಳ ಯಾವ ಕಡೆಯಿಂದ ಬಂದರೂ ಸರಿ. ಟೆಸ್ಟು, ಲಸಿಕೆ, ರಜೆ ಎಲ್ಲ ಆ ಪಟ್ಟಿಯ ಪ್ರಕಾರವೇ ನಡೆಯಲಿ. ಫೋನಿನಲ್ಲಿ ಮಾಡಿದ ಪಾಠವೂ ಪಾಠ ಅಂತ ಬರೆಯಿರಿ, ಆ ಸೆಮಿಸ್ಟರಿಗೆ ನಮಗೆ ಕೊಟ್ಟಿದ್ದ ಕಾರ್ಯಭಾರದ ದುಡ್ಡು ಮುಚ್ಚಿದ ತಿಂಗಳಲ್ಲೂ ಬರಲಿ. ಟೆಸ್ಟ್ ಕೇಳುವ ಮೊದಲು ಆ ತಾಲ್ಲೂಕಿಗೆ ರಿಪೋರ್ಟ್ ಎಷ್ಟು ದಿನಕ್ಕೆ ಬರುತ್ತದೆ ಅಂತ ಯಾರಾದರೂ ಒಂದು ಫೋನ್ ಮಾಡಿ ಕೇಳಲಿ. ಮತ್ತೆ ಸುತ್ತೋಲೆ ಕನ್ನಡದಲ್ಲಿರಲಿ, ಮೇಲೆ ತಾರೀಖು ಇರಲಿ, ಯಾವ ಹಳೇ ಆದೇಶ ರದ್ದಾಯಿತು ಅನ್ನುವುದು ಮೊದಲಿಗೇ ಇರಲಿ. ಕುರಿ ಕಾಯುತ್ತ ಗುಡ್ಡದ ಮೇಲೆ ನಿಂತು ಓದುವವನಿಗೆ ಒಂದೇ ಸಲಕ್ಕೆ ಅರ್ಥವಾಗಬೇಕು.

ಇದಕ್ಕೆ ಕಮಿಟಿ ಬೇಕಾಗಿಲ್ಲ ಅಂತ ನನ್ನ ಅನಿಸಿಕೆ. ಕರಡು ನಾನೇ ಬರೆದಿದ್ದೇನೆ, ಈ ಪತ್ರದ ಒಂದು ಪ್ರತಿಯ ಜೊತೆ ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ತಪ್ಪಿದ್ದರೆ ತಿದ್ದಿಸಿ.

ಉತ್ತರ ಬರೆಯುವುದಾದರೆ ದಯವಿಟ್ಟು ಕಾಲೇಜಿನ ವಿಳಾಸಕ್ಕೆ ಬೇಡ. ಸೆಮಿಸ್ಟರ್ ಮುಗಿದ ಮೇಲೆ ಮತ್ತೆ ತೆಗೆದುಕೊಳ್ಳುವ ತನಕ ನಾವು ಅಲ್ಲಿ ಇರುವುದಿಲ್ಲ. ಮನೆ ವಿಳಾಸ ಲಕೋಟೆಯ ಹಿಂದೆ ಬರೆದಿದ್ದೇನೆ.

ಇಂತಿ,
ಒಬ್ಬ ಅತಿಥಿ ಉಪನ್ಯಾಸಕಿ
ವಾಣಿಜ್ಯ ವಿಭಾಗ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು
ಚಿತ್ರದುರ್ಗ ಜಿಲ್ಲೆ